ಹೊಸ ಬಿರುಕು

"ಮೆಲ್ಲಗೆ ಇಡ್ಲಾ, ಅದೇನು ನಿಮ್ಮಪ್ಪನ ಮನೆ ಸೌದೇನಾ?" ಎಂದು ಪಾಪಕ್ಕ ಕೂಗುವಷ್ಟರಲ್ಲಿ ಮಂಜೇಶ ಆ ಕರಿ ಮಡ್‌ಗಾರ್ಡನ್ನು ಅಂಗಳಕ್ಕೆ ಧೊಪ್ಪನೆ ಹಾಕಿಯಾಗಿತ್ತು. ಆ ಸದ್ದಿಗೆ ಊರಿಗಾಂ ಗಣಿ ಲೈನುಮನೆಗಳ ನಾಯಿಗಳೆಲ್ಲ ಎದ್ದು ಬಂಗಾರಪೇಟೆಗೆ ಕೇಳುವಂತೆ ಬೊಗಳಿದವು.

ಒಡೆದ ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ಟು, ನೀರಿನ ಡ್ರಮ್ಮುಗಳಿಗೆ ಬೆಸುಗೆ ಹಾಕುವುದು ಪಾಪಕ್ಕನ ಕೆಲಸ. ಒಂದು ಇದ್ದಿಲೊಲೆ, ಎರಡು ಕಬ್ಬಿಣದ ಕಂಬಿ, ಒಂದು ಚಾಕು, ಪ್ಲಾಸ್ಟಿಕ್ ಚೂರುಗಳ ಒಂದು ಚೀಲ. ಅವಳ ಕಾರ್ಖಾನೆ ಅಷ್ಟೇ. ಮೂವತ್ತು ವರ್ಷದಲ್ಲಿ ಅವಳು ಬೆಸೆದ ಬಿಂದಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ, ಚಿನ್ನದ ಗಣಿಯ ಬೂದು ಪುಡಿ ಸುರಿದು ಬೆಳೆದ ಸೈನೈಡ್ ಗುಡ್ಡ ಅದರ ಮುಂದೆ ಗೆದ್ದಲು ಹುತ್ತದ ಹಾಗೆ ಕಾಣುತ್ತಿತ್ತು. ಆದರೆ ಇಷ್ಟಗಲದ, ಎಮ್ಮೆ ಕಿವಿಯಂತೆ ಬಾಗಿದ ಸಾಮಾನು ಅವಳ ಮುಂದೆ ಬಂದಿದ್ದು ಇದೇ ಮೊದಲು.

"ರೆಸಾರ್ಟಿನ ನಾಲ್ಕು ಚಕ್ರದ ಬೈಕಿಂದು ಪಾಪಕ್ಕ," ಎಂದ ಮಂಜೇಶ. ಅವನಿಗೆ ಕ್ಯಾಸಂಬಳ್ಳಿ ರಸ್ತೆಯ ರೆಸಾರ್ಟಿನಲ್ಲಿ ಅತಿಥಿಗಳು ಗುಡ್ಡ ಹತ್ತಿಸುವ ಆ ಬೈಕುಗಳನ್ನು ನೋಡಿಕೊಳ್ಳುವ ಕೆಲಸ. "ಒಸದು ತರ್ಸೋಕೆ ಇಪ್ಪತ್ತು ದಿನ ಬೇಕಂತೆ. ನಾಳೆ ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿಂದ ಗಾಡಿ ನೋಡೋಕೆ ಬತ್ತಾರೆ. ಅಷ್ಟರೊಳ್ಗೆ ಬೆಸ್ದು ಕೊಡು."

ಸ್ಟೇಷನ್ ಎಂಬ ಮಾತಿಗೆ ಪಾಪಕ್ಕನ ನಿನ್ನೆಯ ಸಿಟ್ಟು ಒಲೆಯ ಕೆಂಡಕ್ಕಿಂತ ಜೋರಾಗಿ ಎದ್ದಿತು. ಮೊನ್ನೆ ಸಂಜೆ ಗುಡ್ಡದ ಬುಡದಲ್ಲಿ ಸೌದೆ ಆಯುತ್ತಿದ್ದ ಪಕ್ಕದ ಮನೆಯ ಮುನಿಲಕ್ಷ್ಮಿಗೆ ಅಂಥದೇ ಬೈಕೊಂದು ಗುದ್ದಿ ಹೋಗಿತ್ತು. ಸೊಂಟದ ಮೂಳೆ ಮುರಿದು ಅವಳು ಕೋಲಾರದ ಆಸ್ಪತ್ರೆಯಲ್ಲಿದ್ದಳು. ರೆಸಾರ್ಟಿನವರು ಸ್ಟೇಷನ್ನಿನಲ್ಲಿ ಹೇಳಿದ್ದೇ ಬೇರೆ. ನಮ್ಮ ಗಾಡಿಗಳು ತಿಂಗಳಿಂದ ಶೆಡ್ಡು ಬಿಟ್ಟು ಕದಲಿಲ್ಲ, ಹೆಂಗಸು ಕುಡಿದು ಹಳ್ಳಕ್ಕೆ ಬಿದ್ದಿದ್ದಾಳೆ ಎಂದು ಬರೆಸಿದ್ದರು. ಮುನಿಲಕ್ಷ್ಮಿ ಜನ್ಮದಲ್ಲಿ ಕುಡಿದ ಅತಿ ಘಾಟಿನ ವಸ್ತುವೆಂದರೆ ಹುರುಳಿಕಾಳಿನ ಬಸ್ಸಾರು. ಅವಳ ಮಗಳು ಕಲಾ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು "ನಮ್ಮಮ್ಮ ಕುಡಿಯೋಳಲ್ಲ ಸಾರ್" ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದುದನ್ನು ಪಾಪಕ್ಕ ನಿನ್ನೆ ಕಣ್ಣಾರೆ ಕಂಡಿದ್ದಳು.

"ಯಾವಾಗ ಒಡೀತ್ಲಾ ಇದು?"

"ಓದ ತಿಂಗ್ಳು. ಕಲ್ಲಿಗೆ ಬಡೀತು."

"ಯಾವ ಕಲ್ಲಿಗೆ?"

"ಕಲ್ಲು ಅಂದ್ರೆ ಕಲ್ಲು ಕಣಕ್ಕ. ಅದಕ್ಕೂ ನಾಮಕರಣ ಮಾಡಿರ್ತಾರಾ?"

ಸಿಟ್ಟು ಬಂದಾಗ ಪಾಪಕ್ಕನ ಕೈ ತಾನೇ ಕೆಲಸಕ್ಕೆ ಹೋಗುತ್ತಿತ್ತು. ಬಿರುಕು ಅಂಚಿನಿಂದ ಒಂದು ಗೇಣು ಒಳಕ್ಕೆ ಓಡಿ, ಅಲ್ಲಿ ಕವಲೊಡೆದಿತ್ತು. ಕಾದ ಕಂಬಿಯಿಂದ ಎರಡು ಕವಲಿನ ತುದಿಗೂ ಒಂದೊಂದು ತೂತು ಸುಟ್ಟಳು. ಹಾಗೆ ಮಾಡಿದರೆ ಬಿರುಕು ಮುಂದಕ್ಕೆ ಓಡುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಕರಗಿ ಇಳಿಯಲು ಜಾಗವಾಗಲೆಂದು ಬಿರುಕನ್ನು ಅಗಲಿಸಿ ಚಾಕುವಿನ ತುದಿ ಇಟ್ಟವಳು ಹಾಗೆಯೇ ಕೈ ತಡೆದಳು.

ಬಿರುಕಿನ ಒಳಗೆ, ಆಗಷ್ಟೇ ಮುರಿದ ಪ್ಲಾಸ್ಟಿಕ್ಕಿನ ಹಾಗೆ, ಬೆಳ್ಳಗಿತ್ತು. ಬೆರಳು ಒದ್ದೆ ಮಾಡಿ ಉಜ್ಜಿದಳು. ಬೆರಳಿಗೆ ಏನೂ ಅಂಟಲಿಲ್ಲ.

ಎದ್ದು ಹೋಗಿ ಮೂಲೆಯಲ್ಲಿದ್ದ ಹಸಿರು ಬಕೆಟ್ಟೊಂದನ್ನು ತಂದು ಮಂಜೇಶನ ಮೂಗಿನ ಕೆಳಗೆ ಹಿಡಿದಳು. ಅದರ ಬಿರುಕಿನುದ್ದಕ್ಕೂ ಬೂದು ಧೂಳು ಕಾಡಿಗೆ ಎಳೆದಂತೆ ಕೂತಿತ್ತು.

"ಇದು ದೊಡ್ಡವೆಂಕಟಪ್ಪನ ಬಕೆಟ್ಟು. ಒಡೆದು ಅದಿನೈದು ದಿನ. ಒಳ್ಗೆ ಗುಡ್ಡದ ಧೂಳು ಎಂಗೆ ತುಂಬೈತೆ ನೋಡು. ಈ ಊರಲ್ಲಿ ಬೀಗ ಆಕಿದ ಟ್ರಂಕೊಳ್ಗೆ ಓಗಿ ಕೂರ್ತದೆ ಆ ಧೂಳು. ಮುಚ್ಚಿಟ್ಟ ಆಲಿನ ಪಾತ್ರೆಗೆ ಬೀಳ್ತದೆ, ಬಾಯಿ ಮುಚ್ಕೊಂಡು ಮಲಗಿದ್ರೂ ನಾಲ್ಗೆಗೆ ಅಂಟ್ಕೊಳ್ತದೆ. ನಿನ್ನ ಮಡ್‌ಗಾರ್ಡು ತಿಂಗ್ಳಿಂದ ಒಡ್ಕೊಂಡು ಬಿದ್ದಿದ್ದು ಯಾವ ದೇವಲೋಕದಾಗ್ಲಾ? ಇಂದ್ರನ ಮನೇಲಾ?"

ಮಂಜೇಶ ಬಕೆಟ್ಟನ್ನು ನೋಡಿದ, ಮಡ್‌ಗಾರ್ಡನ್ನು ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ.

"ನಿಂಗ್ಯಾಕೆ ಪಾಪಕ್ಕ ಅದೆಲ್ಲ? ಬೆಸ್ದು ಕೊಡು. ಯಾರಾನ ಕೇಳಿದ್ರೆ ತಿಂಗ್ಳಿಂದ ನಿನ್ನತ್ರಾನೇ ಬಿದ್ದಿತ್ತು ಅನ್ನು, ಸಾಕು."

"ಯಾರು ಓಡಿಸಿದ್ದು?"

"ಓನರ್ರ ಅಳಿಯ."

"ನೀನೆಲ್ಲಿದ್ದೆ?"

"ಇಂದ್ಗಡೆ ಗಾಡೀಲಿ."

"ಇಂದ್ಗಡೆ ಗಾಡೀಲಿ," ಎಂದಳು ಪಾಪಕ್ಕ. "ನೀನು ನೋಡ್ದೆ. ಗಾಡಿ ನಿಲ್ಲಿಸ್ಲಿಲ್ಲ."

"ನಿಲ್ಲಿಸ್ಬೇಡ ಅಂದ್ರು."

"ಥೂ ನಿನ್ನ! ನಿಮ್ಮಮ್ಮ ಟೊಮೇಟೊ ಮಂಡಿಗೆ ಓದಾಗೆಲ್ಲ ಮುನಿಲಕ್ಷ್ಮಿ ತಾನೇ ನಿಂಗೆ ಮುದ್ದೆ ಇಕ್ತಿದ್ದಿದ್ದು? ಅವಳ ಮಡಿಲಲ್ಲಿ ಕೂತು ಲೆಕ್ಕ ಇಲ್ದಷ್ಟು ತಿಂದ್ಯಲ್ಲ, ಅವಳು ಕುಡ್ದವ್ಳೆ ಅಂತ ಬರೆಸ್ಬೇಕಾದ್ರೆ ನಿನ್ ಗಂಟ್ಲಲ್ಲಿ ಒಂದು ತುತ್ತಾದ್ರೂ ಸಿಕ್ಕಾಕ್ಕೊಳ್ಲಿಲ್ವಾ?"

"ನಾನು ಬರೆಸ್ಲಿಲ್ಲ!" ಮಂಜೇಶನ ದನಿಯೂ ಏರಿತು. "ನಂದೇನು ನಡೀತದೆ ಅಲ್ಲಿ? ಬಾಯಿ ಬಿಟ್ರೆ ಕೆಲ್ಸ ಓಗ್ತದೆ. ಮೈನ್ಸು ಮುಚ್ಚಿದ ಊರಲ್ಲಿ ಇನ್ನೊಂದು ಕೆಲ್ಸ ನೀನು ಕೊಡ್ತೀಯಾ? ಬಿಂದಿಗೆ ಬೆಸೆಯೋಕೆ ಕೂರ್ಲಾ?"

"ನಿನ್ ಕೈಯಾಗೆ ಬೆಸೆದ ಬಿಂದಿಗೇಲಿ ನೀರು ಕುಡಿಯೋರು ಯಾರ್ಲಾ?"

ಅವನ ಮುಖ ಕೆಂಪಾಯಿತು. ಬಗ್ಗಿ ಮಡ್‌ಗಾರ್ಡಿಗೆ ಕೈ ಹಾಕಿದ. "ಕೊಡಿಲ್ಲಿ. ಬಂಗಾರಪೇಟೇಲಿ ಬೆಸೆಯೋರು ಬೇಕಾದಷ್ಟು ಜನ ಅವ್ರೆ."

ಪಾಪಕ್ಕ ಒಲೆಯಿಂದ ಕಂಬಿ ಎತ್ತಿದಳು. ಅದರ ತುದಿ ಕೆಂಪಗಿತ್ತು. "ಮುಟ್ಟು ನೋಡಾನ. ನಿನ್ನೇ ಇದಕ್ಕೆ ಬೆಸ್ದಾಕ್ತೀನಿ. ಅಂಗೇ ಗಾಡಿಗೆ ಸಿಗಾಕ್ಕೊಂಡು ಗುಡ್ಡ ಅತ್ತಿ ಇಳೀತಾ ಇರು ಸಾಯೋಗಂಟ. ಬಿಚ್ಚೋಕೆ ಬ್ರಹ್ಮ ಬಂದ್ರೂ ಆಗಲ್ಲ, ನನ್ನ ಬೆಸುಗೆ ಅದು."

ಮಂಜೇಶ ಕೈ ಹಿಂದಕ್ಕೆ ತೆಗೆದ. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ಹೆಸರು ನೋಡಿ, ಎತ್ತದೆ, ಹಾಗೇ ಹಿಡಿದುಕೊಂಡು ನಿಂತ. ಅದು ನಿಂತು ಮತ್ತೆ ಬಡಿದುಕೊಂಡಿತು. "ಏನಂತ ಏಳ್ಲಿ ಅವ್ರಿಗೆ?" ಎಂದ, ಅರ್ಧ ಅಳುವ ದನಿಯಲ್ಲಿ.

"ಪಾಪಕ್ಕ ಕಿತ್ಕೊಂಡ್ಲು ಅನ್ನು. ರಾಕ್ಷಸಿ, ಅತ್ತಾಳು ಎತ್ತರ ಅವ್ಳೆ, ಬಾಯಲ್ಲಿ ಬೆಂಕಿ ಬತ್ತದೆ ಅನ್ನು. ನಿಂಗೆ ಸುಳ್ಳು ಏಳೋದು ಕಲಿಸ್ಬೇಕಾ?"

ಅವನು ತನ್ನ ಬೈಕು ಹತ್ತಿ ಹೋದ. ಪಾಪಕ್ಕ ಕಂಬಿಯನ್ನು ಒಲೆಗೆ ಹಾಕಿದಳು. ಬಿರುಕಿನ ತುದಿಯ ಎರಡು ತೂತುಗಳ ಮೇಲೆ ಕಣ್ಣು ಬಿದ್ದು ತನಗೆ ತಾನೇ ಬೈದುಕೊಂಡಳು. ಮೊದಲು ನೋಡಿ ಆಮೇಲೆ ಸುಡಬಾರದಿತ್ತೇ? ಸ್ಟೇಷನ್ನಿನಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ. ಕೇಳಲಿ, ನಾನೇ ಸುಟ್ಟೆ ಎಂದು ಹೇಳುವುದು. ಮಡ್‌ಗಾರ್ಡನ್ನೂ ಹಸಿರು ಬಕೆಟ್ಟನ್ನೂ ಎತ್ತಿಕೊಂಡು, ಪಕ್ಕದ ಮನೆಯ ಬಾಗಿಲು ಬಡಿದಳು. "ಕಲಾ, ಏಳಮ್ಮಿ. ಸೀರೆ ಸರಿ ಮಾಡ್ಕೊ. ಸ್ಟೇಷನ್ಗೆ ಓಗಾನ."

ಮಧ್ಯಾಹ್ನದ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಪಾಪಕ್ಕ ಮಡ್‌ಗಾರ್ಡನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಕಲಾ ಬಕೆಟ್ಟು ಅಪ್ಪಿಕೊಂಡಿದ್ದಳು.

"ನಂಬ್ತಾರಾ ಪಾಪಕ್ಕ?" ಎಂದಳು ಕಲಾ.

"ನಂಬೋಗಂಟ ಅಲ್ಲೇ ಕೂರ್ತೀನಿ. ಬೇಕಾದ್ರೆ ನನ್ನ ಸುತ್ತ ಇನ್ನೊಂದು ಸ್ಟೇಷನ್ ಕಟ್ಕೊಳ್ಲಿ."

ಬಸ್ಸು ಗುಡ್ಡದ ಪಕ್ಕಕ್ಕೆ ತಿರುಗಿದಾಗ ಗಾಳಿ ಎದ್ದಿತು. ಬೂದು ಬಣ್ಣದ ಒಂದು ಪರದೆಯೇ ರಸ್ತೆಗೆ ಅಡ್ಡ ಬಂತು. ಕಲಾ ಕಿಟಕಿಯ ಗಾಜನ್ನು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡು ಅಲ್ಲಾಡಲಿಲ್ಲ. ಪಾಪಕ್ಕ ಸೆರಗನ್ನು ನಾಲ್ಕು ಮಡಿಕೆ ಮಾಡಿ ಬಿರುಕಿನ ಮೇಲೆ ಹಾಸಿದಳು. ಅದರ ಮೇಲೆ ಎರಡೂ ಅಂಗೈ ಒತ್ತಿ ಹಿಡಿದಳು.

ಸ್ಟೇಷನ್ನಿರುವ ರಾಬರ್ಟ್‌ಸನ್‌ಪೇಟೆ ಬರುವವರೆಗೂ ಅವಳ ಕೈಗಳ ಮೇಲೆ, ಬೆರಳ ಗೆಣ್ಣುಗಳ ಸುಕ್ಕಿನಲ್ಲಿ ಧೂಳು ತೆಳ್ಳಗೆ ಕೂರುತ್ತಾ ಹೋಯಿತು. ಅವಳು ಕೈ ತೆಗೆಯಲಿಲ್ಲ.