ಕುಂಟು ಮೇಜು

ಅಂಗಡಿಯನ್ನು ಪಾಲು ಮಾಡಿಸಿಕೊಳ್ಳಲು ನಾನೂ ಅಣ್ಣನೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ವಕೀಲರ ಊರಿಗೆ ಹೋದೆವು. ಅಪ್ಪನ ಕಾಲದ ಮರಗೆಲಸದ ಅಂಗಡಿ. ರೆಡಿಮೇಡ್ ಕುರ್ಚಿ ತರಿಸಿ ಮಾರೋಣ ಎಂದು ನಾನು ಅಂದದ್ದೇ ತಡ, ಅಣ್ಣ ಮಾತು ಬಿಟ್ಟ. ಅಂದಿನಿಂದ ನಮ್ಮ ನಡುವೆ ಏನಿದ್ದರೂ ಅತ್ತಿಗೆಯ ಮೂಲಕವೇ. "ಉಳಿ ಎಲ್ಲಿಟ್ಟಿದಾನೆ ಕೇಳು" ಎಂದು ಅವನು ಅಡುಗೆಮನೆಯತ್ತ ಕೂಗುವಾಗ ನಾನು ಅವನ ಎದುರಿಗೇ ನಿಂತಿರುತ್ತಿದ್ದೆ. ನನಗೆ ಪಾಲು ಬೇಕಿರಲಿಲ್ಲ. ಬೇಡ ಎನ್ನೋಣವೆಂದರೆ ಅತ್ತಿಗೆ ಜೊತೆಗೆ ಬಂದಿರಲಿಲ್ಲ.

ವಕೀಲರು ಊಟಕ್ಕೆ ಹೋಗಿದ್ದರು. ಅವರ ಆಫೀಸಿನ ಎದುರಿಗೆ ಒಂದು ಆರ್ಟ್ ಗ್ಯಾಲರಿ, ಒಳಗೆ ತಣ್ಣಗಿತ್ತು. ಅಣ್ಣ ಹೋದ, ಹಿಂದೆಯೇ ನಾನೂ ಹೋದೆ.

ಮೊದಲ ಕೋಣೆಯಲ್ಲಿ ಗೋಡೆಯಗಲದ ಚಿತ್ರ, ಅದರ ತುಂಬ ಬರೀ ಬಿಳಿ ಬಣ್ಣ. ಒಬ್ಬ ಹೆಂಗಸು ಅದರ ಮುಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದರು. ನಾನೂ ನಿಂತು ನೋಡಿದೆ, ಆಕಳಿಕೆ ಬಂತು. ಮುಂದಿನ ಕೋಣೆಯಲ್ಲಿ ಹಗ್ಗಕ್ಕೆ ನೇತುಹಾಕಿದ ಬಕೆಟ್ಟು. ಮಾಡು ಸೋರುತ್ತಿರಬೇಕೆಂದು ಮೇಲೆ ನೋಡಿದೆ, ಸೋರುತ್ತಿರಲಿಲ್ಲ. ಇದನ್ನು ಅಣ್ಣನಿಗೆ ಹೇಳಿ ನಗುವ ಹಾಗಿಲ್ಲವಲ್ಲ ಎಂದು ಸಂಕಟವಾಯಿತು.

ಕೊನೆಯ ಕೋಣೆಯ ನಡುವೆ ಒಂದು ಮೇಜಿತ್ತು. ಒಳ್ಳೆಯ ಮರ, ಅಚ್ಚುಕಟ್ಟಾದ ಕೆಲಸ, ಆದರೆ ಒಂದು ಕಾಲು ಗಿಡ್ಡ. ಪಕ್ಕದಲ್ಲಿ ಯಾರಾದರೂ ನಡೆದರೆ ಸಾಕು, ಟಕ್ಕೆಂದು ವಾಲುತ್ತಿತ್ತು. ಅಂಥದ್ದನ್ನು ನೋಡಿಕೊಂಡು ಸುಮ್ಮನಿರುವುದು ನಮ್ಮ ಮನೆಯವರಿಗೆ ಗೊತ್ತಿಲ್ಲ. ನಾನು ಹೋಗಿ ಎದುರು ಮೂಲೆಯನ್ನು ಅಂಗೈಯಿಂದ ಅದುಮಿದೆ, ಗಿಡ್ಡ ಕಾಲು ಮೇಲೆದ್ದಿತು. ಅಷ್ಟರಲ್ಲಿ ಅಣ್ಣ ಮಂಡಿಯೂರಿ ಕೂತು, ಜೇಬಿನಿಂದ ಒಂದು ಮರದ ಚಕ್ಕೆ ತೆಗೆದು ಅದರ ಕೆಳಗೆ ತೂರಿಸಿದ್ದ. ಜೇಬಿನಲ್ಲಿ ಚಕ್ಕೆಯಿಲ್ಲದೆ ಅವನು ಮನೆ ಬಿಟ್ಟು ಹೊರಟದ್ದೇ ಇಲ್ಲ.

"ಬಿಡು" ಎಂದ.

ಬಿಟ್ಟೆ. ಮೇಜು ಅಲುಗಾಡದೆ ನಿಂತಿತು. ಅದು ಅತ್ತಿಗೆಯಿಲ್ಲದೆ ಆಡಿದ ಮಾತು ಎಂದು ನನಗೆ ಹೊಳೆಯುವಷ್ಟರಲ್ಲಿ ಕಾವಲಿನವನು ಓಡಿ ಬಂದ.

"ಏನ್ರೀ ಮಾಡಿದ್ರಿ? ಅಲ್ಲಾಡೋದೇ ಅದರ ಕಲೆ. ಕಾಲು ಬೇಕಂತ್ಲೇ ಕೊಯ್ದಿರೋದು."

"ಬೇಕಂತ್ಲಾ?" ಅಣ್ಣನ ಮುಖ ಸಾವಿನ ಸುದ್ದಿ ಕೇಳಿದವನ ಹಾಗಾಯಿತು.

"ಯಾರು ಕೈ ಹಾಕಿದ್ದು ಹೇಳಿ. ನಾಳೆ ಸಾಹೇಬ್ರಿಗೆ ಉತ್ತರ ಕೊಡ್ಬೇಕಾದೋನು ನಾನು."

'ನಾನು' ಎನ್ನಲು ಬಾಯಿ ತೆರೆದೆ. ಅಣ್ಣ ಮೊದಲೇ ಹೇಳಿಬಿಟ್ಟ.

"ನಾವು. ನಾನೂ ನನ್ ತಮ್ಮನೂ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು."

ಕಾವಲಿನವನು ಚಕ್ಕೆ ತೆಗೆಸಿದ. ಮತ್ತೆ ನಾನೇ ಅದುಮಿದೆ, ಅಣ್ಣ ಎಳೆದುಕೊಂಡ. ಮೇಜು ಮತ್ತೆ ಟಕ್ಕೆಂದಿತು. ನಾವಿಬ್ಬರೂ ಅತ್ತ ನೋಡಲಾರದೆ ಬಾಗಿಲ ಕಡೆ ನಡೆದೆವು.

ಹೊರಗೆ ಬಂದಾಗ ವಕೀಲರ ಆಫೀಸಿನ ಬಾಗಿಲು ತೆರೆದಿತ್ತು. ಅಣ್ಣ ಅದನ್ನು ನೋಡಿದ, ಚಕ್ಕೆಯನ್ನು ಒರೆಸಿ ಜೇಬಿಗಿಟ್ಟುಕೊಂಡ.

"ಊರಿಗೆ ಬಸ್ಸು ಎಷ್ಟೊತ್ತಿಗಿದೆಯೋ?" ಎಂದ.

ನಾನು ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ, ನನ್ನನ್ನೇ ಕೇಳಿದ್ದ.