ನಸುಕಿನ ಬಣ್ಣದ ವಿಮಾನ

ನಮ್ಮ ಮನೆಯಲ್ಲಿ ತಾತನಿಗೆ ‘ಗುಲಾಬಿ ತಾತ’ ಎಂದೇ ಅಡ್ಡಹೆಸರು. ಯುದ್ಧದ ಕಾಲದಲ್ಲಿ ಅವರು ವಿಮಾನಗಳಿಗೆ ಬಣ್ಣ ಹೊಡೆಯುತ್ತಿದ್ದರು. ಒಂದು ಫೈಟರ್ ವಿಮಾನಕ್ಕೆ ಮೂತಿಯಿಂದ ಬಾಲದವರೆಗೆ ತಿಳಿಗುಲಾಬಿ ಹೊಡೆದಿದ್ದೆ, ನಸುಕಿನ ಆಕಾಶದಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂದು ಅವರು ಒಮ್ಮೆ ಹೇಳಿದ್ದೇ ತಪ್ಪಾಯಿತು.

“ನಮ್ ಕಿವಿ ಮೇಲೆ ಹೂ ಇಡ್ಬೇಡಿ ಮಾವ,” ಎಂದಿದ್ದಳು ಅಮ್ಮ. “ಇಡೋದೇ ಆದ್ರೆ ಗುಲಾಬಿನೇ ಇಡಿ.”

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಇದೇ ತಮಾಷೆ. ತಾತನೂ ನಗುತ್ತಿದ್ದರು. ಕಣ್ಣು ಮಂಜಾದ ಮೇಲೆ ನಗುವುದನ್ನು ಬಿಟ್ಟರು.

ಕೊನೆಗೆ ಆ ವಿಮಾನ ನನ್ನ ಕೈಗೇ ಬಂತು. ನಾನೂ ಪೇಂಟರ್. ಮ್ಯೂಸಿಯಂ ಶೆಡ್ಡಿನಲ್ಲಿ ಹಳೆಯ ವಿಮಾನಗಳ ಬಣ್ಣ ಉಜ್ಜಿ ತೆಗೆದು ಹೊಸದು ಹೊಡೆಯುವುದು ನನ್ನ ಕೆಲಸ. ಬಾಲದ ಮೇಲಿದ್ದದ್ದು ತಾತ ಬಾಯಿಪಾಠವಾಗಿ ಹೇಳುತ್ತಿದ್ದ ನಂಬರೇ. ಆದರೆ ಮ್ಯೂಸಿಯಂ ಸಾಹೇಬರ ಕಾಗದದಲ್ಲಿ ‘ಬೂದು’ ಎಂದಿತ್ತು.

“ಗುಲಾಬಿ ಇತ್ತು ಅನ್ನೋದಕ್ಕೆ ಗುರುತು ತೋರ್ಸಮ್ಮ, ಗುಲಾಬಿನೇ ಹೊಡಿ,” ಎಂದರು ಸಾಹೇಬರು. “ಸೋಮವಾರ ಬೂದು ಡಬ್ಬ ಬರುತ್ತೆ.”

ಐದು ದಿನ ನೀರು ಸುರಿಯುತ್ತ ವಾಟರ್ ಪೇಪರಿನಿಂದ ಉಜ್ಜಿದೆ. ಮೊದಲು ಬೂದು, ಆಮೇಲೆ ಹಸಿರು, ಮತ್ತೆ ಬೂದು. ಬಣ್ಣಗಳು ಮೊಣಕೈಯಿಂದ ಇಳಿದು ನೆಲದ ಮೇಲೆ ಮೋಡಗಳಾಗಿ ಹರಿಯುತ್ತಿದ್ದವು. ನೀರಿನ ಸದ್ದು ಕೇಳುತ್ತ ಕೇಳುತ್ತ, ನಾನು ನಿಂತಿರುವುದು ನೆಲದ ಮೇಲೋ ಆಕಾಶದಲ್ಲೋ ಎಂಬುದೇ ಮರೆತುಹೋಗುತ್ತಿತ್ತು. ಕೆಳಗೆ ಮಂಕು ಕೆಂಪು ಪ್ರೈಮರ್, ಲೋಹಕ್ಕೆ ಮೊದಲು ಹೊಡೆಯುವ ತಳಬಣ್ಣ, ಸಿಕ್ಕಿತು. ಅದನ್ನೂ ಎರಡು ರೆಕ್ಕೆಗಳಿಂದ ಉಜ್ಜಿ ತೆಗೆದೆ. ಅದರ ಕೆಳಗೆ ಹಳದಿ, ಆಮೇಲೆ ಬರೀ ಲೋಹ.

ಶನಿವಾರ ಮನೆಗೆ ಬಂದು ತಾತನ ಕುರ್ಚಿಯ ಪಕ್ಕ ಕುಳಿತೆ.

“ಸಿಗ್ಲಿಲ್ಲ ತಾತ.”

“ತಳದಲ್ಲಿ ಏನಿತ್ತು?”

“ಹಳದಿ ಪ್ರೈಮರ್.”

“ಅದರ ಮೇಲೆ?”

“ಕೆಂಪು ಪ್ರೈಮರ್.”

ತಾತ ನನ್ನ ಕಡೆ ಮುಖ ತಿರುಗಿಸಿದರು. “ಪ್ರೈಮರ್ ಮೇಲೆ ಪ್ರೈಮರ್ ಯಾರು ಹೊಡಿತಾರೆ? ನೀನು ಹೊಡಿತೀಯಾ?”

ಬಿಸಿಲಿಗೆ ಮಂಕು ಕೆಂಪಾಗಿದ್ದ ತಾತನ ಗುಲಾಬಿಯನ್ನೇ ಪ್ರೈಮರ್ ಅಂದುಕೊಂಡು, ನನ್ನ ಕೈಯಾರೆ ಉಜ್ಜಿ ಚರಂಡಿಗೆ ಬಿಟ್ಟಿದ್ದೆ. ಕಲಿತ ಕೆಲಸವೇ ಕಣ್ಣಿಗೆ ಮಣ್ಣೆರಚಿತ್ತು.

ಶೆಡ್ಡಿಗೆ ಓಡಿದೆ. ಬಾಲದ ಹತ್ತಿರ ಇನ್ನೂ ಉಜ್ಜಿರಲಿಲ್ಲ. ಅಲ್ಲಿದ್ದ ಸಣ್ಣ ಮುಚ್ಚಳದ ತಿರುಪು ಬಿಚ್ಚಿದೆ. ಒಳಬದಿಗೆ ಬಿಸಿಲು ಎಂದೂ ತಾಗಿರಲಿಲ್ಲ. ಅಲ್ಲಿ ಬಣ್ಣ ಎಳೆಗೂಸಿನ ಅಂಗಾಲಿನಂತೆ ತಿಳಿಗುಲಾಬಿಯಾಗಿಯೇ ಇತ್ತು. ಅಲ್ಲೇ ಕುಳಿತು ಮನಸಾರೆ ಅತ್ತೆ. ಸೋಮವಾರ ಸಾಹೇಬರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿ, ಕಾಗದದಲ್ಲಿದ್ದ ‘ಬೂದು’ ಎಂಬುದನ್ನು ಹೊಡೆದುಹಾಕಿದರು.

ಹೊಸ ಗುಲಾಬಿ ಬಣ್ಣ ಒಣಗಿದ ಮೇಲೆ ಒಂದು ನಸುಕಿನಲ್ಲಿ ವಿಮಾನವನ್ನು ಟ್ರ್ಯಾಕ್ಟರಿಗೆ ಕಟ್ಟಿ ಬಯಲಿನ ಕೊನೆಗೆ ಎಳೆದೊಯ್ದರು. ತಾತನನ್ನೂ ಅಮ್ಮನನ್ನೂ ಕರೆತಂದಿದ್ದೆ. ತಾತನಿಗೆ ಆ ಹೊತ್ತಿಗೆ ಬೆಳಕು, ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಮಂಜು ಮೆಲ್ಲಗೆ ಸರಿಯಿತು. ಆಕಾಶದ ಅಂಚು ತಿಳಿಗುಲಾಬಿ ಬಣ್ಣಕ್ಕೆ ತಿರುಗಿತು.

“ಕಾಣ್ತಿದೆಯೇನಮ್ಮ?” ತಾತ ನನ್ನ ಕೈ ಹಿಡಿದು ಕೇಳಿದರು.

“ಇಲ್ಲ ತಾತ.”

ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ಬಯಲನ್ನೆಲ್ಲ ಹುಡುಕಿದಳು. “ಎಲ್ಲಿ ಮಾವ? ನಂಗೂ ಕಾಣ್ತಿಲ್ಲ.”

ಎಷ್ಟೋ ದಿನಗಳ ಮೇಲೆ ತಾತ ನಕ್ಕರು.

“ನಂಗೂ ಕಾಣ್ತಿಲ್ಲ,” ಎಂದರು.