ಒಂಬತ್ತನೇ ಬೋರ್ಡಿನ ಅಕ್ಕ

ಮಧುರೆಯ ಒಬ್ಬ ಮೇಷ್ಟ್ರು ತಮ್ಮ ಬ್ಲಾಗಿನಲ್ಲಿ ನನಗೆ ಪ್ರಶಸ್ತಿ ಕೊಟ್ಟಿದ್ದರು. ಪ್ರಶಸ್ತಿ ಎಂದರೆ ಒಂದು ಹಣತೆಯ ಚಿತ್ರ, ಅಷ್ಟೆ. ಆ ದಿನಗಳಲ್ಲಿ ಬ್ಲಾಗ್ ಬರೆಯುವವರ ನಡುವೆ ಅದು ಕೈಯಿಂದ ಕೈಗೆ ಓಡಾಡುತ್ತಿತ್ತು. ಸಿಕ್ಕವರು ಕೊಟ್ಟವರಿಗೆ ವಂದನೆ ಹೇಳಬೇಕು. ಯಾರನ್ನು ಓದಿ ತಮಗೆ ಬರೆಯುವ ಆಸೆ ಹುಟ್ಟಿತೋ ಅಂಥ ಮೂವರ ಹೆಸರು ಬರೆಯಬೇಕು. ಬರೆದ ಮೇಲೆ ಆ ಮೂವರ ಬ್ಲಾಗಿಗೆ ಹೋಗಿ ಒಂದು ಕಾಮೆಂಟ್ ಹಾಕಿ ತಿಳಿಸಿ ಬರಬೇಕು. ತಿಳಿಸದೆ ಹೆಸರು ಮಾತ್ರ ಹಾಕುವುದೆಂದರೆ ಮದುವೆಯ ಕಾಗದ ಅಚ್ಚು ಹಾಕಿಸಿ ಹಂಚದೆ ಇಟ್ಟುಕೊಂಡ ಹಾಗೆ.

ನಾನು ಕೋವಿಲ್‌ಪಟ್ಟಿಯ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಟೈಪ್ ಮಾಡುವ ಕೆಲಸದಲ್ಲಿದ್ದೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಮೂರು ವರ್ಷ ಮನೆಯಲ್ಲಿ ಕೂತು ಬೆಂಕಿಪೊಟ್ಟಣಕ್ಕೆ ಚೀಟಿ ಅಂಟಿಸಿ, ಆಮೇಲೆ ಇಲ್ಲಿಗೆ ಬಂದವಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಳ್ಳ ಹೆಸರಿನಲ್ಲಿ ಬರೆಯುತ್ತಿದ್ದೆ. ಸೆಂಟರಿನ ಯಜಮಾನರಾದ ತಂಗಪಾಂಡಿ ಅಣ್ಣಾಚಿಗೆ ಮಾತ್ರ ಅದು ಗೊತ್ತಿತ್ತು.

"ಏನ್ ಶೆಂಬಾ, ಪ್ರಶಸ್ತಿ ಬಂತಂತೆ. ಲೋಟ ಗೀಟ ಏನಾದ್ರೂ ಕೊಟ್ರಾ, ಬರೀ ದೀಪದ ಪಟಾನಾ? ಕರೆಂಟ್ ಹೋದಾಗ ಅದನ್ನಾದ್ರೂ ಹಚ್ಚು" ಎಂದರು.

ಮೂರು ಹೆಸರು ಬೇಕಿತ್ತು. ನನಗೆ ಒಂದೇ ಹೆಸರು ಹೊಳೆದದ್ದು. 'ಒಂಬತ್ತನೇ ಬೋರ್ಡು' ಎಂಬ ಬ್ಲಾಗಿನವರದು. ಅವರ ನಿಜ ಹೆಸರು ಯಾರಿಗೂ ಗೊತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಒಂಬತ್ತನೇ ಬೋರ್ಡಿನ ಮುಂದೆ ಕೂತು ಟ್ರಂಕ್ ಕಾಲ್ ಜೋಡಿಸಿಕೊಟ್ಟ ಹೆಂಗಸು ಎಂಬುದಷ್ಟೇ ಗೊತ್ತು. ಕಿವಿಗೆ ಬಿದ್ದ ಮಾತುಗಳನ್ನು ಅವರು ಎಲ್ಲಿಯೂ ಬರೆಯುತ್ತಿರಲಿಲ್ಲ. ಮಾತು ಶುರುವಾಗುವ ಮುಂಚಿನ ಕೆಮ್ಮು, ಲೈನು ಸಿಕ್ಕಿದ ಮೇಲೆ ಎರಡೂ ಕಡೆಯವರು ಸುಮ್ಮನಾಗಿಬಿಡುವುದು, ಮೂರು ನಿಮಿಷದಲ್ಲಿ ಎರಡು ನಿಮಿಷ "ಊಟ ಆಯ್ತಾ" ಎಂದೇ ಕಳೆದುಹೋಗುವುದು, ಇಂಥವನ್ನು ಬರೆಯುತ್ತಿದ್ದರು. ಓದಿದ ಮೇಲೆ ನನ್ನ ಬೀದಿಯೂ ಬರೆಯುವಂಥದ್ದೇ ಅನ್ನಿಸತೊಡಗಿತ್ತು. ಚೀಟಿ ಅಂಟಿಸುವಾಗ ಅಮ್ಮನ ಹೆಬ್ಬೆರಳು ಓಡುವ ರೀತಿಯನ್ನು ನಾನು ಬರೆದದ್ದು ಹಾಗೆ.

ಅವರ ಬ್ಲಾಗಿನಲ್ಲಿ ಮೊದಲ ವರ್ಷ ನಾನು ಮೂರು ಸಲ ಕಾಮೆಂಟ್ ಹಾಕಿದ್ದೆ. ಮೂರು ಸಲವೂ 'ಒಪ್ಪಿಗೆಯಾದ ಮೇಲೆ ಕಾಣಿಸುತ್ತದೆ' ಎಂದು ಬಂತು. ಒಂದೂ ಕಾಣಿಸಲಿಲ್ಲ. ಬೇರೆ ಯಾರದೂ ಅಲ್ಲಿ ಇರಲಿಲ್ಲ. ಅಕ್ಕ ಬಹಳ ಬಿಗಿ, ನನ್ನಂಥವಳ ಮಾತು ಅವರಿಗೆ ಬೇಡ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಓದುವುದನ್ನು ಮಾತ್ರ ಬಿಡಲಿಲ್ಲ.

ಪ್ರಶಸ್ತಿಯ ವಿಷಯ ತಿಳಿಸೋಣವೆಂದು ಆ ಬುಧವಾರ ಬೆಳಗ್ಗೆ ಅಳುಕುತ್ತಲೇ ಬ್ಲಾಗ್ ತೆರೆದರೆ ಹೊಸ ಬರಹವಿತ್ತು. ನಾಲ್ಕೇ ಸಾಲು. "ಮೂರು ವರ್ಷ ಬರೆದೆ, ಒಬ್ಬರೂ ಒಂದು ಮಾತು ಹೇಳಲಿಲ್ಲ. ಆ ಕಡೆ ಯಾರೂ ಇಲ್ಲದ ಲೈನಿನಲ್ಲಿ ಹಲೋ ಹಲೋ ಎನ್ನುವುದು ನನಗೆ ಅಭ್ಯಾಸವಿಲ್ಲ. ಶುಕ್ರವಾರ ತಂಗಿಯ ಮಗ ಬರುತ್ತಾನೆ. ಅವನ ಕೈಯಲ್ಲಿ ಎಲ್ಲವನ್ನೂ ಅಳಿಸಿಹಾಕಿಸುತ್ತೇನೆ."

ನಾನು ಎರಡು ಸಲ ಓದಿದೆ. ಹಾಗಾದರೆ ಅವರು ನನ್ನ ಕಾಮೆಂಟ್ ತಳ್ಳಿಹಾಕಿರಲಿಲ್ಲ. ನೋಡಿಯೇ ಇರಲಿಲ್ಲ. ಕಂಪ್ಯೂಟರ್ ಬಾರದವರಿಗೆ ದಿನವೂ ಹೇಳಿಕೊಡುವ ನನಗೆ ಇದು ಹೊಳೆಯಲು ಮೂರು ವರ್ಷ ಬೇಕಾಯಿತು. ಒಮ್ಮೆ ಅವರೇ ಬರೆದಿದ್ದರು. ಬ್ಲಾಗಿಗೆ ಬರಹ ಹಾಕಲು ತಂಗಿಯ ಮಗ ಏಳು ಹೆಜ್ಜೆ ಬರೆದುಕೊಟ್ಟಿದ್ದಾನೆ, ಎಂಟನೆಯದನ್ನು ಮುಟ್ಟಿದರೆ ಎಲ್ಲ ಕೆಟ್ಟೀತೆಂದು ಭಯ ಎಂದು. ಬಂದ ಕಾಮೆಂಟುಗಳೆಲ್ಲ ಆ ಎಂಟನೇ ಹೆಜ್ಜೆಯ ಹಿಂದೆ ಒಪ್ಪಿಗೆಗಾಗಿ ಕಾದು ಕೂತಿವೆ. ಈಗ ನಾನು ಇನ್ನೊಂದು ಹಾಕಿದರೆ ಅದೂ ಅಲ್ಲಿಗೇ ಹೋಗುತ್ತದೆ. ನನ್ನ ಬ್ಲಾಗಿನಲ್ಲಿ ಕೂಗಿಕೊಂಡರೂ ಅವರಿಗೆ ಕೇಳಿಸುವುದಿಲ್ಲ. ಮಿಂಚಂಚೆ ವಿಳಾಸವೂ ಇರಲಿಲ್ಲ.

ಊರಿನ ಹೆಸರನ್ನು ಅವರು ಎಂದೂ ಬರೆದವರಲ್ಲ. ಆದರೆ ಕಾಲ್ ಬುಕ್ ಮಾಡಲು ಬಂದವರ ಗಂಟಿನಿಂದ ಅಮ್ಮನವರ ಗುಡಿಯ ಹುತ್ತದ ಮಣ್ಣು ಕೌಂಟರಿನ ಮೇಲೆ ಉದುರುತ್ತಿತ್ತು ಎಂದು ಬರೆದಿದ್ದರು. ಹಾಗೆ ಹುತ್ತದ ಮಣ್ಣನ್ನು ಪ್ರಸಾದವೆಂದು ಕಟ್ಟಿಕೊಂಡು ಹೋಗುವುದು ನಮ್ಮ ಸುತ್ತಿನಲ್ಲಿ ಶಂಕರನ್‌ಕೋವಿಲಿನಲ್ಲಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ರಜೆ ಕೇಳಿದೆ. ಅಣ್ಣಾಚಿ ಕಾರಣ ಕೇಳಿ ನಕ್ಕುಬಿಟ್ಟರು.

"ಗಿರಾಕಿ ಹತ್ರ ಫೋಟೋ ತನ್ನಿ ಅನ್ನೋಕೂ ಚೀಟೀಲಿ ಬರೆದು ತೋರಿಸೋಳು ನೀನು. ಗುರುತಿಲ್ಲದ ಊರಿಗೆ ಹೋಗಿ, ಹೆಸರಿಲ್ಲದ ಹೆಂಗಸನ್ನ ಯಾರ ಹತ್ರ ಕೇಳ್ತೀಯವ್ವಾ?"

"ಕೇಳ್ತೀನಿ ಅಣ್ಣಾಚಿ."

"ನಾ ಬರ್ಲಾ ಜೊತೆಗೆ?"

ಬೇಡ ಎಂದೆ. ಅವರು ಬಂದರೆ ಬೀದಿಗೆಲ್ಲ ಸುದ್ದಿಯಾಗುತ್ತಿತ್ತು. ಹೆಸರನ್ನು ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಹೆಂಗಸನ್ನು ನಾನು ಊರ ಮುಂದೆ ನಿಲ್ಲಿಸಬಾರದಲ್ಲ.

ಗುರುವಾರ ಹನ್ನೊಂದಕ್ಕೆ ಶಂಕರನ್‌ಕೋವಿಲಿನ ಎಕ್ಸ್‌ಚೇಂಜಿನ ಗೇಟಿನ ಮುಂದಿದ್ದೆ. ಎದುರಿನ ಹೂವಿನಂಗಡಿಯ ನೆರಳಿನಲ್ಲಿ ಅರ್ಧ ಗಂಟೆ ನಿಂತೆ. ಕಾವಲಿನವರೇ ಬೇಸತ್ತು ಕರೆದರು. ಹಳೇ ಆಪರೇಟರ್ ಅಮ್ಮ ಒಬ್ಬರಿಗೆ ಟೈಪ್ ಮಾಡಿದ ಕಾಗದ ಕೊಡಬೇಕಿತ್ತು, ಹೆಸರು ಮರೆತುಹೋಗಿದೆ ಎಂದೆ. ಅದು ನನ್ನ ಜೀವನದಲ್ಲಿ ನಾನು ಹೇಳಿದ ಅತಿ ಉದ್ದದ ಸುಳ್ಳು. ನಾಲ್ಕು ಜನ ಇದ್ದರಮ್ಮ, ಯಾರೆಂದು ಹೇಳಲಿ ಎಂದು ಅವರು ಕೇಳಿದರು. ನಗು ಬಂದಾಗ ಮೌತ್‌ಪೀಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಗುತ್ತಿದ್ದವರು ಎಂದೆ. ಅದನ್ನೂ ಅವರ ಬರಹದಲ್ಲೇ ಓದಿದ್ದೆ.

"ಅದು ನಮ್ಮ ಆವುಡೈಯಮ್ಮ" ಎಂದರು ಕಾವಲಿನವರು, ಯೋಚನೆಯನ್ನೂ ಮಾಡದೆ.

ಗುಡಿಯ ತೆಪ್ಪದ ಕೊಳದ ಹಿಂದಿನ ಓಣಿಯಲ್ಲಿ ಮನೆ. ಬಾಗಿಲು ತೆರೆದವರು ತೆಳ್ಳಗೆ, ಎತ್ತರಕ್ಕೆ ಇದ್ದರು. ಕೈಯಲ್ಲಿ ಹಿಟ್ಟಿತ್ತು.

"ಸೋಪಾ, ಊದುಬತ್ತೀನಾ? ಏನಿದ್ರೂ ಬೇಡಮ್ಮಾ. ನೀರು ಬೇಕಾದ್ರೆ ಕುಡ್ಕೊಂಡು ಹೋಗು."

ಬಸ್ಸಿನಲ್ಲಿ ಕಲಿತುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅವರು ಬಾಗಿಲು ಹಾಕಲು ಹೊರಟಾಗ, "ಅಳಿಸ್ಬೇಡಿ ಅಕ್ಕಾ. ಒಂಬತ್ತನೇ ಬೋರ್ಡು ಅಳಿಸ್ಬೇಡಿ" ಎಂದೆ.

ಅವರು ಓಣಿಯ ಎರಡೂ ಕಡೆ ನೋಡಿದರು. ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದು ಒಳಗೆಳೆದುಕೊಂಡು ಬಾಗಿಲಿನ ಅಗುಳಿ ಹಾಕಿದರು.

ಒಳಗೆ ಯಾರು ಕಳಿಸಿದರು, ಹೇಗೆ ಗೊತ್ತಾಯಿತು ಎಂದು ಬಹಳ ಹೊತ್ತು ವಿಚಾರಣೆ ನಡೆಯಿತು. ಹುತ್ತದ ಮಣ್ಣು ಎಂದಾಗ ಹಣೆ ಚಚ್ಚಿಕೊಂಡರು. ಕಾವಲಿನವರಿಗೆ ಏನೂ ಹೇಳಿಲ್ಲ ಎಂದು ನಾನು ಮೂರು ಸಲ ಆಣೆ ಮಾಡಿದ ಮೇಲೆ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ ತೆಗೆದರು. ಪರದೆಯ ಅಂಚಿಗೆ ಏಳು ಹೆಜ್ಜೆಯ ಕಾಗದ ಅಂಟಿಸಿತ್ತು. ಏಳನೆಯದು 'ಕಿತ್ತಳೆ ಬಣ್ಣದ ಗುಂಡಿ ಒತ್ತಿ, ಮುಚ್ಚಿಬಿಡಿ ದೊಡ್ಡಮ್ಮಾ' ಎಂದಿತ್ತು. ಯಾರೂ ಕೊಳಕು ಮಾತು ಬರೆಯದಿರಲೆಂದು ಆ ಹುಡುಗ ಒಪ್ಪಿಗೆಯ ಬೀಗ ಹಾಕಿದ್ದ. ಬೀಗವಿದೆ ಎಂದು ಹೇಳಲು ಮರೆತಿದ್ದ.

ಕಾಮೆಂಟುಗಳ ಪಟ್ಟಿ ತೆರೆಯುವ ಗುಂಡಿಯನ್ನು ನಾನು ಒತ್ತಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡು ಗಂಟೆ ಇಬ್ಬರೂ ಎದುರುಬದುರು ಕೂತು ಅವರು ಲಟ್ಟಿಸಿ ಕರಿದ ಪೂರಿ ತಿಂದೆವು. ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಕರೆಂಟ್ ಬಂದ ಮೇಲೆ ಪಟ್ಟಿ ತೆರೆಯಿತು. ನೂರ ಅರವತ್ತೆರಡು ಕಾಮೆಂಟುಗಳು. ಅವರು ಕನ್ನಡಕ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಾಗಿ, ಕೆಳಗಿನಿಂದ ಮೇಲಿನವರೆಗೆ ತುಟಿ ಅಲುಗಿಸದೆ ಓದಿದರು. ಸಂತೋಷಪಡುತ್ತಾರೆ ಎಂದು ನಾನು ಕಾದಿದ್ದೆ. ಅವರ ಮುಖ ಕಪ್ಪಿಟ್ಟಿತು.

"ಇಷ್ಟು ಜನಾನ ಮೂರು ವರ್ಷ ಲೈನಲ್ಲಿ ಕಾಯಿಸಿದ್ನಾ ನಾನು?"

ನಿಮ್ಮ ತಪ್ಪೇನಿದೆ ಎಂದೆ. ಕೇಳಿಸಿಕೊಳ್ಳಲಿಲ್ಲ. ಒಂದೇ ಸಲಕ್ಕೆ ಎಲ್ಲವನ್ನೂ ಒಪ್ಪಿಬಿಡಬಹುದು, ಇಲ್ಲಿ ಒತ್ತಿದರೆ ಸಾಕು ಎಂದು ತೋರಿಸಿದೆ. ಅವರು ನನ್ನ ಕೈ ಮೇಲೆ ಮೆಲ್ಲಗೆ ಹೊಡೆದರು.

"ಉತ್ತರ ಕೊಡದೆ ಸಾಲಾಗಿ ನಿಲ್ಸೋದು ಯಾವ ಮರ್ಯಾದೆ? ಮೊದ್ಲು ಬುಕ್ ಮಾಡಿದವ್ರು ಮೊದ್ಲು. ಒಬ್ಬೊಬ್ಬರಾಗಿ."

ಎಂಟನೇ ಹೆಜ್ಜೆಯಿಂದ ಹನ್ನೊಂದನೆಯದರವರೆಗೆ ಹೊಸ ಕಾಗದದಲ್ಲಿ ಬರೆದುಕೊಟ್ಟೆ. ಅವರು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ನಾನು ಮಾಡುತ್ತೇನೆಂದರೂ ಕೊಡಲಿಲ್ಲ. ಮೊದಲನೆಯದು ಸಿಂಗಪುರದಿಂದ ಯಾರೋ ಬರೆದದ್ದು. ಅದಕ್ಕೆ ಉತ್ತರ ಮುಗಿಯುವ ಹೊತ್ತಿಗೆ ನನ್ನ ಬಸ್ಸಿನ ಹೊತ್ತಾಯಿತು.

ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದರು. "ಇದ್ರಲ್ಲಿ ನಿಂದು ಯಾವ್ದೇ?"

ನಾನು ತಲೆ ತಗ್ಗಿಸಿದೆ.

"ಹೇಳಲ್ವಾ? ಸರಿ ಬಿಡು. ನಿನ್ನ ಸರದಿ ಬಂದಾಗ ಗೊತ್ತಾಗುತ್ತೆ."

ಶುಕ್ರವಾರ ಸೆಂಟರ್ ತೆರೆದ ಕೂಡಲೆ ನೋಡಿದೆ. ಬ್ಲಾಗ್ ಇತ್ತು. ಸಂಜೆಗೂ ಇತ್ತು. ಐದು ಕಾಮೆಂಟುಗಳು ಕಾಣಿಸಿಕೊಂಡಿದ್ದವು. ಪ್ರತಿಯೊಂದರ ಕೆಳಗೂ ಕ್ಷಮೆ ಕೇಳಿ, ತಡವಾದ ಕಾರಣ ಹೇಳಿ, ಕೇಳಿದ್ದಕ್ಕೆ ಉತ್ತರ. ಮೇಷ್ಟ್ರು ಕೊಟ್ಟ ಪ್ರಶಸ್ತಿಯ ಬರಹದಲ್ಲಿ ನಾನು ಒಂದೇ ಹೆಸರು ಹಾಕಿದೆ. ನಿಯಮ ಮುರಿದೆನೆಂದು ಇಬ್ಬರು ಬೈದರು.

ಪಟ್ಟಿಯಲ್ಲಿ ನನ್ನ ಮೊದಲ ಕಾಮೆಂಟ್ ನಲವತ್ತೊಂದನೆಯದು. ದಿನಕ್ಕೆ ನಾಲ್ಕೈದರಂತೆ ಅವರು ಹತ್ತಿರ ಬರುತ್ತಿದ್ದಾರೆ. ಆಗ ನಾನು ಬರೆದದ್ದು ಬಾಯಿಪಾಠವಾಗಿ ನೆನಪಿದೆ. ಹದಿನೇಳು ವರ್ಷದ ಹುಡುಗಿ, ದೊಡ್ಡ ದೊಡ್ಡ ಮಾತು, ನಡುವೆ ಎರಡು ಸುಳ್ಳು, ಕಾಲೇಜಿನಲ್ಲಿ ಓದುತ್ತಿದ್ದೇನೆ ಎಂಬುದೊಂದು. ಈಗ ತಿದ್ದಲು ಬರುವುದಿಲ್ಲ. ಇವತ್ತು ಅವರು ಮೂವತ್ತೆಂಟಕ್ಕೆ ಉತ್ತರ ಬರೆದಿದ್ದಾರೆ.